ಮಿಡಚಿಗೆ ಬಳಿದ ಗಿಳಿಹಸಿರು

ಗಂಗಾವತಿ ಬಸ್‌ಸ್ಟ್ಯಾಂಡಿನ ಹಿಂದಿದ್ದ ಅಮೀನಸಾಬರ ಆಟೋ ಎಲೆಕ್ಟ್ರಿಕ್ ಅಂಗಡಿಗೆ ಬಂದವರು, ಗಾಡಿಯ ರೋಗ ಏನೇ ಇರಲಿ, ಹೊಸ್ತಿಲಲ್ಲಿ ನಿಂತು ಮೊದಲು ಕೇಳುತ್ತಿದ್ದ ಮಾತು ಒಂದೇ.

"ಹಂಪಣ್ಣ ಇಲ್ಲೇನು?"

ಈ ಮಾತನ್ನು ಅವರು ಕೇಳುತ್ತಿದ್ದುದು ಈಶಪ್ಪನನ್ನು. ಯಾಕೆಂದರೆ ಹೊಸ್ತಿಲಿಗೆ ಹತ್ತಿರ ಕೂಡುತ್ತಿದ್ದವನು ಅವನೇ. ಹೊಸ್ತಿಲಿಗೆ ಹತ್ತಿರ ಕೂಡುತ್ತಿದ್ದುದು ಯಾಕೆಂದರೆ, ಬಂದ ಗಿರಾಕಿ ಮೊದಲು ತನ್ನ ಕೈಗೆ ಸಿಗಲಿ ಎಂದು. ಸಿಗುತ್ತಿದ್ದರು. ಸಿಕ್ಕು, ಆ ಮಾತು ಕೇಳಿ, ಅವನನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದರು.

ಈಶಪ್ಪ ಯಲಬುರ್ಗಾ ಕಡೆಯವನು. ಎಸ್ಸೆಸ್ಸೆಲ್ಸಿಯ ಗಣಿತ ಅವನನ್ನು ಎರಡು ಸಲ ಹಿಂದಕ್ಕೆ ಕಳಿಸಿದ ಮೇಲೆ, ೧೯೭೬ರಲ್ಲಿ ತಾಯಿ ಮುದಕಮ್ಮನನ್ನು ಕರೆದುಕೊಂಡು ಗಂಗಾವತಿಗೆ ಬಂದು ಅಮೀನಸಾಬರ ಕೈಕೆಳಗೆ ಸೇರಿದ್ದ. ಏಳು ವರ್ಷದಲ್ಲಿ ಡೈನಮೊ ಕಲಿತ, ವೈರಿಂಗ್ ಕಲಿತ, ಬ್ಯಾಟರಿ ನೀರು ಬಿದ್ದು ತೂತಾದ ಪ್ಯಾಂಟಿಗೆ ತೇಪೆ ಹಚ್ಚುವುದನ್ನೂ ಕಲಿತ. ಅವನ ಕೈಯಲ್ಲಿ ಇದ್ದ ದೊಡ್ಡ ಗುಣ ಅಚ್ಚುಕಟ್ಟು. ಅವನು ಕಟ್ಟಿದ ವಾಯರುಗಳು ಮದುವೆಗೆ ಹೊರಟ ಹುಡುಗಿಯ ಜಡೆಯ ಹಾಗೆ ಬಿಗಿಯಾಗಿ, ನೇರವಾಗಿ ಇರುತ್ತಿದ್ದವು. ಒಂದೊಂದು ವಾಯರಿಗೂ ಚೀಟಿ ಕಟ್ಟಿ, ಮುತ್ತಿನಂಥ ಅಕ್ಷರದಲ್ಲಿ "ಎಡ ಲೈಟು", "ಬಲ ಲೈಟು", "ಹಾರನ್ನು" ಎಂದು ಬರೆಯುತ್ತಿದ್ದ. ಗಾಡಿಯವರು ಆ ಚೀಟಿಗಳನ್ನು ಒಮ್ಮೆಯೂ ಓದಿದ್ದನ್ನು ಅವನು ಕಂಡಿರಲಿಲ್ಲ. ಆದರೂ ಬರೆಯುತ್ತಿದ್ದ.

ಇಂಥ ಅಂಗಡಿಗೆ ಎರಡು ವರ್ಷದ ಹಿಂದೆ ಕುಷ್ಟಗಿಯಿಂದ ಹಂಪಣ್ಣ ಬಂದ. ಅವನ ಅಂಗಿಯ ಮೂಲ ಬಣ್ಣ ಯಾವುದೆಂದು ಅದನ್ನು ಒಗೆಯುವ ಹೆಂಡತಿಗೂ ಮರೆತಿತ್ತು. ನಟ್ಟು ತಿರುವುವ ಪಾನಾ ಎಲ್ಲಿಟ್ಟೆನೆಂದು ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತಿದ್ದ. ಆದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಡೈನಮೊಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೂತನೆಂದರೆ ಮುಗಿಯಿತು. "ಹಿಂದಿನ ಬುಶ್ ಹೋಗೇತ್ರಿ" ಅನ್ನುತ್ತಿದ್ದ. ಬಿಚ್ಚಿದರೆ ಹಿಂದಿನ ಬುಶ್ಶೇ ಹೋಗಿರುತ್ತಿತ್ತು. ಅಂಗಡಿಯಲ್ಲಿ ಯಾರೂ ಇಲ್ಲದಾಗ ಈಶಪ್ಪನೂ ಒಮ್ಮೆ ಹಾಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದ. ಗುರ್ ಅನ್ನುವ ಸದ್ದು ಬಿಟ್ಟರೆ ಏನೂ ತಿಳಿಯಲಿಲ್ಲ. ಕಣ್ಣು ತೆರೆದಾಗ ಒಬ್ಬ ಲಾರಿ ಡ್ರೈವರ್ ಬಾಗಿಲಲ್ಲಿ ನಿಂತು, "ಯಾಕಪಾ, ಕಿವಿ ನೋಯ್ತಾವೇನು?" ಎಂದು ಕೇಳಿದ.

ಹೊಟ್ಟೆಕಿಚ್ಚಿಗೆ ಎಣ್ಣೆ ಬೇಡ, ಬತ್ತಿ ಬೇಡ, ಕಂಡದ್ದೆಲ್ಲ ಸೌದೆಯೇ. ಯಮನೂರಮ್ಮನ ಚಹಾದಂಗಡಿಯಲ್ಲಿ ಹಂಪಣ್ಣನ ಗ್ಲಾಸಿನಲ್ಲಿ ಕೆನೆ ಹೆಚ್ಚಿಗೆ ಇರುತ್ತದೆ ಎಂಬ ಅನುಮಾನ ಈಶಪ್ಪನಿಗೆ ಬಂತು. ಒಂದು ದಿನ ಎರಡೂ ಗ್ಲಾಸುಗಳನ್ನು ಬಿಸಿಲಿಗೆ ಹಿಡಿದು ನೋಡಿದ. ಯಮನೂರಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು, "ಚಾದಾಗ ಏನ್ ಹುಡುಕ್ತೀಯೋ ನನ್ನಪ್ಪಾ? ಲೀಕೇಜ್ ಐತೇನು?" ಅಂದಳು. ಕೂತವರೆಲ್ಲ ನಕ್ಕರು. ಹಂಪಣ್ಣ ಮಾತ್ರ ನಗದೆ ತನ್ನ ಗ್ಲಾಸನ್ನು ಅವನ ಕಡೆ ಸರಿಸಿ, "ತಗೋ ಈಶಣ್ಣ, ನನಗ ಕೆನಿ ಸೇರಂಗಿಲ್ಲ" ಎಂದ. ಕೆನೆ ಇದ್ದದ್ದು ಹಾಗೆ ಖಾತ್ರಿಯಾಯಿತು. ಈಶಪ್ಪ ಅವತ್ತಿನ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮನೆಯಲ್ಲೂ ಬಿಡುಗಡೆ ಇರಲಿಲ್ಲ. ಒಮ್ಮೆ ಕೆಲಸದ ಮೇಲೆ ಮನೆತನಕ ಬಂದ ಹಂಪಣ್ಣ, ಮೂರು ತಿಂಗಳಿಂದ ಭುಗ್ ಭುಗ್ ಅನ್ನುತ್ತಿದ್ದ ಸ್ಟವ್ವನ್ನು ನಿಂತ ನಿಲುವಿನಲ್ಲೇ ಸರಿಮಾಡಿ ಹೋಗಿದ್ದ. ಅಂದಿನಿಂದ ಮುದಕಮ್ಮನದು ದಿನವೂ ಒಂದೇ ಕೇಳಿಕೆ: "ಆ ಹುಡುಗ ಉಂಡ್ನೋ ಇಲ್ಲೋ, ಕೇಳಿದ್ಯೇನು?"

"ಯವ್ವಾ, ನಾನೂ ಉಂಡಿಲ್ಲ."

"ನಿನಗೇನ್ ಧಾಡಿ? ನಿನಗ ನಾ ಅದೀನಿ."

ಹೀಗಿರುವಾಗ ೧೯೮೩ರ ಶ್ರಾವಣದಲ್ಲಿ ಅಮೀನಸಾಬರು ಒಂದು ಮಾತು ಎತ್ತಿದರು. ಕಾರಟಗಿಯಲ್ಲಿ ಅಕ್ಕಿ ಗಿರಣಿಗಳು ಹೆಚ್ಚಿ, ಲಾರಿ-ಟ್ರ್ಯಾಕ್ಟರುಗಳು ಹೆಚ್ಚಿ, ಅಲ್ಲೊಂದು ಅಂಗಡಿ ತೆಗೆಯುವುದೆಂದು ಅವರು ಮಳಿಗೆ ನೋಡಿ ಬಂದಿದ್ದರು. "ದೀಪಾವಳಿ ಆದಮ್ಯಾಲೆ ನಿಮ್ಮಿಬ್ಬರಾಗ ಒಬ್ರು ಅಲ್ಲಿ ಮೇಸ್ತ್ರಿ. ಅಂಗಡಿ ನನ್ದು, ನಡಸೂದು ನಿಮ್ದು. ಯಾರು ಅಂತ ನಾ ಇನ್ನಾ ಮನಸ್ಸು ಮಾಡಿಲ್ಲ" ಎಂದರು.

ಈಶಪ್ಪ ಆ ರಾತ್ರಿಯೇ ನೋಟ್‌ಬುಕ್ಕಿನ ಹಾಳೆಯಲ್ಲಿ ಬೋರ್ಡು ಬರೆದು ನೋಡಿದ. "ಮೇಸ್ತ್ರಿ: ಈಶಪ್ಪ" ಎಂದು ದಪ್ಪಕ್ಷರದಲ್ಲಿ, ಕೆಳಗೆ ಎರಡು ಗೆರೆ. ಚಂದ ಕಂಡಿತು. "ಮೇಸ್ತ್ರಿ: ಹಂಪಣ್ಣ" ಎಂದು ಬರೆದರೆ ಹೇಗೆ ಕಂಡೀತು ಅನ್ನುವ ಕೆಟ್ಟ ಕುತೂಹಲಕ್ಕೆ ಅದನ್ನೂ ಬರೆದ. ಅದೂ ಚಂದ ಕಂಡಿತು. ಹಾಳೆ ಹರಿದು ಒಲೆಗೆ ಹಾಕಿದ.

ಈಗ ಮಿಡಚಿಯ ಕಥೆಗೆ ಬರಬೇಕು.

ಶ್ರೀರಾಮನಗರದ ಬದಿಯಲ್ಲಿ ಭತ್ತದ ಗದ್ದೆಗಳಿದ್ದ ಉಮಾಪತಿ ಸಾಹುಕಾರರಿಗೆ ದೇಹ ಭಾರ, ಕಾಲು ನೋವು, ಗದ್ದೆಯ ಮೇಲೆ ಅನುಮಾನ. ದಿನಾ ಹೋಗಿ ನೋಡದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಕಾಲುವೆಯ ಏರಿಯ ತಿರುವಿನಲ್ಲಿ ಉದ್ದನೆಯ ಜೀಪು ತಿರುಗದು, ಸೈಕಲ್ಲು ಅವರನ್ನು ಹೊರದು. ಅದಕ್ಕೇ ಹಳೆಯ ಜೀಪೊಂದನ್ನು ಕೊಂಡು, ಕಮ್ಮಾರರಿಂದ ನಡು ಕತ್ತರಿಸಿ, ಗಿಡ್ಡ ಮಾಡಿಸಿ, ಮೇಲಿನ ಟಪ್ಪು ತೆಗೆಸಿ, ಎರಡೇ ಸೀಟು ಉಳಿಸಿ, ಹಿಂದೆ ದಪ್ಪ ಗಾಲಿ ಹಾಕಿಸಿದ್ದರು. ಅದು ಕೆಸರಲ್ಲೂ ಕಲ್ಲಲ್ಲೂ ಮಿಡತೆಯ ಹಾಗೆ ಜಿಗಿಜಿಗಿದು ಓಡುತ್ತಿದ್ದುದನ್ನು ನೋಡಿ ಜನ ಮಿಡಚಿ ಎಂದು ಹೆಸರಿಟ್ಟರು. ಗಿಡ್ಡ ಮಾಡುವ ಭರದಲ್ಲಿ ಕಮ್ಮಾರರು ಮುಂದಿನ ಕಬ್ಬಿಣದ ಪಟ್ಟಿಯನ್ನು ಹ್ಯಾಂಡಲ್ ಹಾಕುವ ತೂತಿಗೇ ಅಡ್ಡ ಬೆಸೆದುಬಿಟ್ಟಿದ್ದರು. ಹೀಗಾಗಿ ಹ್ಯಾಂಡಲ್ ತಿರುವಿ ಚಾಲೂ ಮಾಡುವ ದಾರಿ ಇರಲಿಲ್ಲ. ಬ್ಯಾಟರಿಯಿಂದ ತಿರುಗುವ ಸೆಲ್ಫ್ ಮೋಟರಿನ ಬಟನ್ ಒತ್ತಿ ಎಬ್ಬಿಸಬೇಕು, ಇಲ್ಲವೇ ನಾಲ್ಕು ಜನ ನೂಕಬೇಕು. ಗದ್ದೆಯ ಕೆಸರಿನಲ್ಲಿ ನೂಕುವುದೆಂದರೆ ಎಮ್ಮೆಯನ್ನು ಮಾಳಿಗೆ ಹತ್ತಿಸಿದಂತೆ.

ಆ ಸೆಲ್ಫ್ ಸುಟ್ಟುಹೋಗಿ, ದಸರೆಗೆ ಹದಿನೈದು ದಿನ ಇರುವಾಗ ಮಿಡಚಿ ಅಂಗಡಿಗೆ ಬಂತು. ಸಾಹುಕಾರರು ಇಳಿಯುವ ಮೊದಲೇ ಕೇಳಿದರು: "ಹಂಪಣ್ಣ ಇಲ್ಲೇನು?"

ಹಂಪಣ್ಣ ಸೆಲ್ಫ್ ಬಿಚ್ಚಿ, ತಂತಿ ಹೊಸದಾಗಿ ಸುತ್ತಿ, ಒಳಗೆ ಕರೆಂಟು ಮುಟ್ಟಿಸುವ ಹೊಸ ಕಾರ್ಬನ್ ತುಂಡು ಹಾಕಿ ಕೂಡಿಸಿದ. ಬಟನ್ ಒತ್ತಿದರೆ ಇಂಜಿನ್ನು ಬೆಚ್ಚಿಬಿದ್ದು ಎದ್ದಂತೆ ಎದ್ದಿತು. ಈಶಪ್ಪನ ಪಾಲಿಗೆ ಬಂದದ್ದು ಹಿಂದಿನ ಲೈಟು. ಒಂದೇ ಲೈಟು. ಚೀಟಿ ಕಟ್ಟುವುದಕ್ಕೂ ಎರಡನೆಯ ವಾಯರು ಇರಲಿಲ್ಲ.

ಆಗ ಅವನಿಗೊಂದು ಯೋಚನೆ ಹೊಳೆಯಿತು. ಸೆಲ್ಫ್ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ಬಣ್ಣ. "ಸಾವ್ಕಾರ್ರ, ಖಂಡೇಪೂಜಿಗೆ ಗಾಡಿ ಮೈಗೆ, ಕೆಳಗಿನ ಚಾಸಿಗೆಲ್ಲಾ ಬಣ್ಣ ಬಳದು ಕೊಡ್ತೀನ್ರಿ. ನಂದೊಂದು ಸೇವಾ ಅಂತ ತಿಳೀರಿ" ಎಂದ. ಸಾಹುಕಾರರು ಬೇಡ ಅನ್ನಲಿಲ್ಲ. ಪುಕ್ಕಟೆ ಬಣ್ಣ ಬೇಡ ಅನ್ನುವ ಸಾಹುಕಾರ ಆ ತಾಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಮೂರು ದಿನ ಈಶಪ್ಪ ಗಾಡಿಯ ಕೆಳಗೇ ಬದುಕಿದ. ತುಕ್ಕು ಕೆರೆದ, ಸೀಮೆಎಣ್ಣೆಯಲ್ಲಿ ಒರೆಸಿದ, ಗಿಳಿಹಸಿರು ಬಣ್ಣ ಎರಡು ಕೋಟು ಹೊಡೆದ. ಇಂಜಿನ್ನಿನಿಂದ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಗೆ, ಹೋಗುವ ಹೆಣೆದ ತಾಮ್ರದ ಪಟ್ಟಿಯೊಂದಿತ್ತು, ಅರ್ಥಿಂಗ್ ಪಟ್ಟಿ. ಬೇರೆ ಯಾರಾದರೂ ಆಗಿದ್ದರೆ ಅದರ ಸುತ್ತಲೇ ಕುಂಚ ಆಡಿಸಿ ಬಿಡುತ್ತಿದ್ದರು. ಈಶಪ್ಪ ಬಿಡಲಿಲ್ಲ. ಬೋಲ್ಟು ಬಿಚ್ಚಿ, ಪಟ್ಟಿ ಸರಿಸಿ, ಅದರ ಅಡಿಯ ಜಾಗಕ್ಕೂ ಎರಡು ಕೋಟು ಕೊಟ್ಟು, ಒಣಗಿದ ಮೇಲೆ ಪಟ್ಟಿಯನ್ನು ಅದರ ಮೇಲೆಯೇ ಬಿಗಿದು, ಬೋಲ್ಟಿನ ತಲೆಗೂ ಹಸಿರು ಮುಟ್ಟಿಸಿದ. ಅಂಥ ಅಚ್ಚುಕಟ್ಟು.

ಮಹಾನವಮಿಯ ಆಯುಧಪೂಜೆಯ ದಿನ ಮಿಡಚಿಗೆ ಬಾಳೆಕಂಬ ಕಟ್ಟಿ, ಬ್ಯಾಟರಿಗೆ ವಿಭೂತಿ ಹಚ್ಚಿ, ಗಾಲಿಯಡಿ ನಿಂಬೆಹಣ್ಣು ಇಟ್ಟರು. ಸಾಹುಕಾರರು ಬಟನ್ ಒತ್ತಿದರು. ಮಿಡಚಿ ಒಂದೇ ಏಟಿಗೆ ಎದ್ದಿತು. "ಭೇಷ್ ಹಂಪಣ್ಣ! ಏನ್ ಸೆಲ್ಫ್ ಮಾಡೀಯಲೇ! ಸತ್ತಾವ್ನೂ ಎದ್ದು ಕುಂದ್ರಬೇಕು!" ಅಂದರು. ಆಮೇಲೆ ಇಳಿಯುತ್ತ, ಪಂಚೆ ಸರಿಮಾಡಿಕೊಳ್ಳುತ್ತ, "ಬಣ್ಣಾನೂ ಛಲೋ ಆಗೇತಿ" ಅಂದರು.

ಮರುದಿನ ವಿಜಯದಶಮಿಯ ಬನ್ನಿ. ಬನ್ನಿ ಎಲೆಯನ್ನು ಒಬ್ಬರ ಕೈಗೆ ಒಬ್ಬರು ಕೊಟ್ಟು, "ನಾವು ನೀವು ಬಂಗಾರದಂಗ ಇರೋಣು" ಅನ್ನುವ ದಿನ. ವರ್ಷವಿಡೀ ಜಗಳಾಡಿದವರೂ ಅವತ್ತು ಕೊಡುತ್ತಾರೆ. ಅಮೀನಸಾಬರೂ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು, ಬಂದವರಿಂದ ಬನ್ನಿ ಇಸಿದುಕೊಂಡು ತಲೆಗೆ ಮುಟ್ಟಿಸಿ ಜೇಬಿಗೆ ಹಾಕುತ್ತಿದ್ದರು. ಹಂಪಣ್ಣ ಬನ್ನಿ ಹಿಡಿದು ಬರುತ್ತಿರುವುದು ಕಂಡದ್ದೇ ಈಶಪ್ಪನಿಗೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಯಿತು. ಹಿತ್ತಲಲ್ಲಿ ಹಳೆಯ ಬ್ಯಾಟರಿ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿದ. ಹಂಪಣ್ಣ ಹೋದನೆಂದು ಖಾತ್ರಿಯಾದ ಮೇಲೆ ಹೊರಗೆ ಬಂದ.

ಹನ್ನೆರಡನೆಯ ದಿನಕ್ಕೆ ಶ್ರೀರಾಮನಗರದಿಂದ ಆಳು ಬಂದ. ಮಿಡಚಿ ಗದ್ದೆಯ ನಡುವೆ ನಿಂತುಬಿಟ್ಟಿದೆ. ನಾಲ್ಕು ದಿನದಿಂದ ಸೆಲ್ಫ್ ಒಮ್ಮೆ ಹಿಡಿಯುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಇವತ್ತು ಪೂರ್ತಿ ಬಿಟ್ಟಿದೆ. ಭತ್ತಕ್ಕೆ ಹುಳ ಬಿದ್ದು ಔಷಧ ಹೊಡೆಯಬೇಕು, ಔಷಧದ ಡಬ್ಬಿಗಳೆಲ್ಲ ಗಾಡಿಯಲ್ಲೇ ಇವೆ.

ಹಂಪಣ್ಣ ಅವತ್ತು ತಂಗಿಯ ಮಗುವಿನ ಹೆಸರಿಡುವುದಕ್ಕೆಂದು ಕುಷ್ಟಗಿಗೆ ಹೋಗಿದ್ದ. ಅಮೀನಸಾಬರು ಈಶಪ್ಪನ ಮುಖ ನೋಡಿದರು. "ನೀ ಹೋಗು ಬೇಟಾ. ಇದು ನೋಡೇ ಕಾರಟಗಿದೂ ತೀರ್ಮಾನ ಮಾಡ್ತೀನಿ. ಸಾವ್ಕಾರ್ರ ಮಾತು ಆ ಕಡಿ ಎಲ್ಲಾರೂ ಕೇಳ್ತಾರ."

ಬಸ್ಸಿನಲ್ಲಿ ಕಿಟಕಿಗೆ ಕೂತ ಈಶಪ್ಪನಿಗೆ ಮೊದಲ ಸಲ, ದೂರ ಹಿಂದೆ ಉಳಿದ ಹೇಮಗುಡ್ಡ ಎಷ್ಟು ಚಂದ ಅನ್ನಿಸಿತು. ಗುಡ್ಡದ ಕಡೆ ಮುಖ ಮಾಡಿ ಅಲ್ಲಿನ ದುರ್ಗಮ್ಮನಿಗೆ ಕೈ ಮುಗಿದ. ಬೇಡಿಕೊಂಡದ್ದು "ಗಾಡಿ ರಿಪೇರಿ ಆಗಲಿ" ಎಂದಲ್ಲ. "ಹಂಪಣ್ಣನ ಸೆಲ್ಫ್ ಕೆಟ್ಟಿರಲಿ" ಎಂದು.

ಗದ್ದೆಯ ಬದುವಿನ ಮೇಲೆ ಸಾಹುಕಾರರು ಕೊಡೆ ಹಿಡಿದು ನಿಂತಿದ್ದರು. ಕಳೆ ಕೀಳುತ್ತಿದ್ದ ನಾಲ್ಕೈದು ಹೆಂಗಸರು ಕೆಲಸ ಬಿಟ್ಟು, ಸೀರೆಯ ನೆರಿಗೆ ಮೇಲೆ ಸಿಕ್ಕಿಸಿಕೊಂಡು, ಮೋಜು ನೋಡಲು ಸೇರಿದ್ದರು. ಅವರಲ್ಲಿ ಹಿರಿಯಳಾದ ಹುಲಿಗವ್ವ ಬಾಯಲ್ಲಿ ಎಲೆಯಡಿಕೆ ತಿರುವುತ್ತ ಕೇಳಿದಳು: "ನೀ ಹಂಪಣ್ಣ ಏನಪಾ?"

"ಅಲ್ಲ."

"ಹಂಗಾರ ಅಂವ ಯಾವಾಗ ಬರ್ತಾನ?"

"ಅಂವ ಬರಂಗಿಲ್ಲ. ನಾನಽ ಮಾಡಾಂವ."

"ಮಾಡಪಾ, ಮಾಡು," ಎಂದು ಹುಲಿಗವ್ವ ಬದುವಿನ ಮೇಲೆ ಕೂತಳು. "ನಮಗೂ ಕುಂದ್ರಾಕ ಒಂದು ನೆವ ಬೇಕಿತ್ತು."

ಈಶಪ್ಪ ಬಟನ್ ಒತ್ತಿದ. ಟಕ್. ಮತ್ತೊಮ್ಮೆ ಒತ್ತಿದ. ಟಕ್. ಸ್ವಿಚ್ಚು ಟಕ್ ಅನ್ನುತ್ತಿತ್ತೇ ಹೊರತು ಸೆಲ್ಫ್ ಅಲುಗುತ್ತಿರಲಿಲ್ಲ. ಲೈಟು ಹಾಕಿದ. ಹಗಲು ಬೆಳಕಿನಲ್ಲೂ ಹಳದಿಯಾಗಿ ಬೆಳಗಿತು. ಲೈಟು ಹಾಕಿಕೊಂಡೇ ಸೆಲ್ಫ್ ಒತ್ತಿದ. ಬ್ಯಾಟರಿ ಸೋತಿದ್ದರೆ ಆಗ ಲೈಟು ಕಣ್ಣು ಮುಚ್ಚಬೇಕು. ಮುಚ್ಚಲಿಲ್ಲ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ನೆಟ್ಟಗೆ ನೋಡುತ್ತಿತ್ತು. ಬ್ಯಾಟರಿ ಗಟ್ಟಿ.

"ಇನ್ನೊಂದು ಮಾತೈತಿ," ಎಂದರು ಸಾಹುಕಾರರು. "ಸೆಲ್ಫ್ ಒತ್ತಿ ಒತ್ತಿ ಆಮ್ಯಾಲೆ ಚೋಕಿನ ಗುಂಡಿ ಹಿಡದ್ರ, ಯಪ್ಪಾ, ಕೈ ಚುರ್ ಅಂತೈತಿ. ಒಲಿಯಾಗಿನ ಇಕ್ಕಳ ಹಿಡದಂಗ."

ಚೋಕಿನ ತಂತಿ ಯಾಕೆ ಕಾಯಬೇಕು ಎಂದು ಒಂದು ಗಳಿಗೆ ನಿಂತು ಯೋಚಿಸಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಈಶಪ್ಪ ಯೋಚನೆಯನ್ನು ಬಸ್ಸಿನಲ್ಲೇ ಮುಗಿಸಿಕೊಂಡು ಬಂದಿದ್ದ. ಎಲ್ಲರಿಗೂ ಕೇಳುವಂತೆ ಹೇಳಿದ: "ಮತ್ತೇನ್ರಿ ಸಾವ್ಕಾರ್ರ, ಸೆಲ್ಫಿನ್ಯಾಗ ಸುತ್ತಿದ ತಂತಿ ಅದರ ಮೈಗೆ ಹತ್ತೇತಿ. ಕರೆಂಟೆಲ್ಲಾ ಸೋರಿ ಹೊಂಟೈತಿ. ಹಂಪಣ್ಣನ ಕೆಲಸ ಮ್ಯಾಲ ನೋಡಾಕ ಛಲೋ ಕಾಣತೈತ್ರಿ, ಒಳಗ ಹಿಂಗ."

"ಹೌದೇನು?" ಸಾಹುಕಾರರ ಮುಖ ಗಂಟಿಕ್ಕಿತು. ಆ ಗಂಟು ನೋಡಿ ಈಶಪ್ಪನಿಗೆ ಉಗಾದಿಯ ಹೋಳಿಗೆ ತಿಂದಷ್ಟು ಸಮಾಧಾನವಾಯಿತು.

ಕೆಸರಲ್ಲಿ ಬೆನ್ನು ಕೊಟ್ಟು ಮಲಗಿ ಸೆಲ್ಫ್ ಬಿಚ್ಚಿದ. ಬದುವಿನ ಮೇಲೆ ಗೋಣಿಚೀಲ ಹಾಸಿ, ಸೆಲ್ಫಿನ ಹಿಂದಿನ ಮುಚ್ಚಳ ತೆಗೆದು ನೋಡಿದ. ಕಾರ್ಬನ್ ನಾಲ್ಕೂ ನೆಟ್ಟಗೆ ಕೂತಿದ್ದವು. ಒಳಗಿನ ತಾಮ್ರ ಹೊಸ ಕೊಡದ ಹಾಗೆ ಹೊಳೆಯುತ್ತಿತ್ತು. ಪರೀಕ್ಷೆಯ ಲೈಟು ಹಿಡಿದು ತಂತಿ ಎಲ್ಲಾದರೂ ಸೆಲ್ಫಿನ ಮೈಗೆ ಹತ್ತಿದೆಯೋ ಎಂದು ಹುಡುಕಿದ. ಒಂದು ಸಲ ಅಲ್ಲ, ಮೂರು ಸಲ. ಎಲ್ಲೂ ಹತ್ತಿರಲಿಲ್ಲ. ಕೊನೆಗೆ ಬ್ಯಾಟರಿಯನ್ನೇ ಇಳಿಸಿ ತಂದು, ಎರಡು ವಾಯರು ನೇರ ಸೆಲ್ಫಿಗೆ ಮುಟ್ಟಿಸಿದ.

ಸೆಲ್ಫ್ ಗರ್ರೆಂದು ತಿರುಗಿ, ಗೋಣಿಚೀಲದಿಂದ ಜಿಗಿದು, ಅವನ ಮೊಣಕಾಲಿಗೆ ಬಡಿದು ಗದ್ದೆಗೆ ಉರುಳಿತು.

"ಛಲೋ ಐತಲ್ಲೋ!" ಎಂದಳು ಹುಲಿಗವ್ವ. "ಒದೀತೈತಿ!"

ಬಿಚ್ಚಿದ ಸಾಮಾನು ಚೆನ್ನಾಗಿದೆ ಎಂದು ಮುಖ ಬಾಡಿಸಿಕೊಂಡ ಮೇಸ್ತ್ರಿಯನ್ನು ಆ ಹೆಂಗಸರು ಹಿಂದೆಂದೂ ನೋಡಿರಲಿಲ್ಲ.

ಸೆಲ್ಫ್ ತೊಳೆದು, ಒರೆಸಿ, ಮರಳಿ ಕೂಡಿಸಿ ಒತ್ತಿದ. ಟಕ್. ಬದುವಿನ ಮೇಲೆ ಒದೆಯುವ ಸೆಲ್ಫ್ ಇಂಜಿನ್ನಿಗೆ ಹಾಕಿದರೆ ಹೆಣ. ಆಗ ಅಮೀನಸಾಬರು ಮೊದಲ ದಿನವೇ ಹೇಳಿಕೊಟ್ಟಿದ್ದ ಮಾತು ನೆನಪಾಯಿತು: "ಕರೆಂಟು ಹೋಗೂದು ಎಲ್ಲಾರೂ ನೋಡ್ತಾರ. ತಿರುಗಿ ಮನಿಗಿ ಬರೂದು ಯಾರೂ ನೋಡಂಗಿಲ್ಲ." ಬ್ಯಾಟರಿಯಿಂದ ಸೆಲ್ಫಿಗೆ ಹೋದ ಕರೆಂಟು ಇಂಜಿನ್ನಿನ ಮೈಯಿಂದ ಚಾಸಿಗೆ ಇಳಿದು ಬ್ಯಾಟರಿಗೆ ಮರಳಬೇಕು. ಇಂಜಿನ್ನು ಕೂತಿರುವುದು ರಬ್ಬರಿನ ಮೇಲೆ. ಮರಳುವ ದಾರಿ ಒಂದೇ, ಆ ತಾಮ್ರದ ಪಟ್ಟಿ. ಆ ದಾರಿ ಕಟ್ಟಿದರೆ ಕರೆಂಟು ಸಂದಿಗೊಂದಿ ಹುಡುಕುತ್ತದೆ. ಇಂಜಿನ್ನಿನಿಂದ ಡ್ಯಾಶ್ ಬೋರ್ಡಿಗೆ ಬರುವ ಚೋಕಿನ ತಂತಿಯಲ್ಲಿ ನುಗ್ಗುತ್ತದೆ. ತಂತಿ ಕಾಯುತ್ತದೆ. ಸಾಹುಕಾರರ ಕೈ ಚುರ್ ಅನ್ನುತ್ತದೆ.

ಮತ್ತೆ ಕೆಳಗೆ ಸರಿದ. ಕೆಸರು ಒರೆಸಿದ. ತಾಮ್ರದ ಪಟ್ಟಿಯ ಅಡಿಯಲ್ಲಿ, ಮಳೆಗೂ ಮಣ್ಣಿಗೂ ಜಗ್ಗದೆ, ಎರಡು ಕೋಟು ಗಿಳಿಹಸಿರು ನಳನಳಿಸುತ್ತಿತ್ತು. ಇಷ್ಟು ದಿನ ಬೋಲ್ಟಿನ ಎಳೆಗಳ ಮೂಲಕ ಹೇಗೋ ದಾರಿ ಮಾಡಿಕೊಂಡಿದ್ದ ಕರೆಂಟು, ನೀರಿಳಿದು ಎಳೆಗೆ ತುಕ್ಕು ಹಿಡಿದ ಮೇಲೆ ನಿಂತುಬಿಟ್ಟಿತ್ತು.

ಈಶಪ್ಪ ಗಾಡಿಯ ಕೆಳಗೆ ಮಲಗಿಕೊಂಡೇ ತನ್ನ ಬಣ್ಣವನ್ನು ನೋಡಿದ. ಕುಂಚದ ಗೆರೆಯೂ ಕಾಣದಂಥ ಕೆಲಸ. ಏಳು ವರ್ಷದಲ್ಲಿ ಅವನು ಮಾಡಿದ ಅತ್ಯಂತ ಅಚ್ಚುಕಟ್ಟಾದ ಕೆಲಸ ಅದೇ ಇರಬೇಕು.

ಕೆಳಗೆ ಅವನೊಬ್ಬನೇ. ಮೇಲಿನವರಿಗೆ ಕಾಣುತ್ತಿದ್ದುದು ಅವನ ಎರಡು ಪಾದ. ಜೇಬಿನಿಂದ ಕಬ್ಬಿಣ ಕೊಯ್ಯುವ ಆಕ್ಸೋ ಬ್ಲೇಡಿನ ತುಂಡು ತೆಗೆದು, ಬೋಲ್ಟು ಬಿಚ್ಚಿ, ಕಬ್ಬಿಣ ಬೆಳ್ಳಗೆ ಕಾಣುವತನಕ ಬಣ್ಣ ಕೆರೆದ. ಹಸಿರು ಚಕ್ಕೆಗಳು ಅವನ ಎದೆಯ ಮೇಲೆ ಉದುರಿದವು. ಪಟ್ಟಿ ಬಿಗಿದು ಹೊರಗೆ ಬಂದು ಬಟನ್ ಒತ್ತಿದ. ಮಿಡಚಿ ಒಂದೇ ಏಟಿಗೆ ಎದ್ದಿತು. ಹೆಂಗಸರು ಹೋ ಎಂದರು.

"ಏನಾಗಿತ್ತೋ?" ಎಂದರು ಸಾಹುಕಾರರು.

ಒಂದೇ ಮಾತು ಸಾಕಿತ್ತು. ಆದರೆ ಸಾಹುಕಾರರ ಹಿಂದೆ ಅವನಿಗೆ ಕಾರಟಗಿಯ ಬೋರ್ಡು ಕಂಡಿತು. ಎರಡು ಗೆರೆಯ ಸಮೇತ ಕಂಡಿತು.

"ನಾ ಹೇಳಿದ್ದೆಲ್ರಿ, ಸೆಲ್ಫಿಂದಽ," ಎಂದ. "ಕಾರ್ಬನ್ ಸರಿ ಕುಂತಿದ್ದಿಲ್ಲ. ಕುಂದ್ರಿಸೇನಿ."

ಸಾಹುಕಾರರು ತಾವೇ ಅವನನ್ನು ಮಿಡಚಿಯಲ್ಲಿ ಕೂಡಿಸಿಕೊಂಡು ಗಂಗಾವತಿಗೆ ಬಿಟ್ಟರು. ಅಂಗಡಿಯ ಮುಂದೆ ಇಳಿಯದೆಯೇ, "ಅಮೀನಸಾಬ್ರ, ಈ ಹುಡುಗ ಕೆಲಸಗಾರ. ನಿಮ್ಮ ಹಂಪಣ್ಣಂದು ಬರೇ ಹವಾ!" ಎಂದು ಕೂಗಿ ಹೋದರು. ಚಹಾದಂಗಡಿಯ ಯಮನೂರಮ್ಮನಿಗೂ ಕೇಳಿಸಿತು. ಅವತ್ತು ಈಶಪ್ಪನ ಚಹಾದಲ್ಲಿ ಕೆನೆ ಇತ್ತು. ಯಾಕೋ ರುಚಿ ಹತ್ತಲಿಲ್ಲ.

ಮರುದಿನ ಹಂಪಣ್ಣ ಬಂದ. ಅಮೀನಸಾಬರು ಎಲ್ಲರೆದುರಿಗೆ ಬೈದರು. "ಕಾರ್ಬನ್ ಕುಂದ್ರಸಾಕ ಬರಂಗಿಲ್ಲೇನು ನಿನಗ? ನನ್ನ ಅಂಗಡಿ ಹೆಸರು ಕೆಸರಾಗ ಬಿತ್ತು." ಹಂಪಣ್ಣ ತಲೆ ಕೆರೆದುಕೊಂಡ. "ಕುಂದ್ರಿಸಿದ್ನೆಲ್ರಿ ಉಸ್ತಾದ್ರ" ಎಂದಷ್ಟೇ ಹೇಳಿದ. ಸಂಜೆಗೆ ಅಮೀನಸಾಬರು ಈಶಪ್ಪನ ಹೆಗಲ ಮೇಲೆ ಕೈ ಇಟ್ಟು, "ಕಾರಟಗಿಗಿ ಬಟ್ಟಿಬರಿ ಕಟ್ಕೋ" ಎಂದರು.

ಮುದಕಮ್ಮ ಸಂತೋಷಪಟ್ಟಳು. ಆಮೇಲೆ ಕೇಳಿದಳು: "ಹಂಪಣ್ಣಗ ಏನ್ ಕೊಟ್ರು ಪಾಪ?"

ದೀಪಾವಳಿಗೆ ನಾಲ್ಕು ದಿನ ಇರುವಾಗ ಮಿಡಚಿ ಮತ್ತೆ ಬಂತು. ಕೆಟ್ಟು ಅಲ್ಲ, ಹಾರನ್ನು ಸಣ್ಣಗೆ ಕೂಗುತ್ತದೆ ಎಂದು. ಸಾಹುಕಾರರು ಯಮನೂರಮ್ಮನ ಅಂಗಡಿಗೆ ಚಹಾಕ್ಕೆ ಹೋದರು. ಹಾರನ್ನಿನ ವಾಯರು ಹುಡುಕುತ್ತ ಹಂಪಣ್ಣ ಗಾಡಿಯ ಕೆಳಗೆ ಸರಿದ. ಈಶಪ್ಪ ಹೊಸ್ತಿಲಲ್ಲಿ ಕೂತು ಅವನ ಪಾದಗಳನ್ನೇ ನೋಡುತ್ತಿದ್ದ. ಆ ಪಾದಗಳು ಒಂದು ಕಡೆ ಬಂದು ನಿಂತವು. ಬಹಳ ಹೊತ್ತು ಅಲುಗಲಿಲ್ಲ.

ಹಂಪಣ್ಣ ಹೊರಗೆ ಬಂದ. ಉಗುರಿನ ಸಂದಿಯಲ್ಲಿ ಗಿಳಿಹಸಿರು ಚಕ್ಕೆ. ಒಳಗೆ ಕೂತ ಅಮೀನಸಾಬರ ಕಡೆ ನೋಡಿದ. ಈಶಪ್ಪನ ಕಡೆ ನೋಡಿದ. ಪ್ಯಾಂಟಿಗೆ ಕೈ ಒರೆಸಿಕೊಂಡು, ಮೆಲ್ಲಗೆ, ಇಬ್ಬರಿಗಷ್ಟೇ ಕೇಳುವ ಹಾಗೆ ಅಂದ:

"ಅರ್ಥಿಂಗ್ ಛಲೋ ಕೆರದೀ ಈಶಣ್ಣ. ಅದಕ್ಕ ಸ್ವಲ್ಪ ಗ್ರೀಸ್ ಹಚ್ಚಬೇಕಿತ್ತು, ತುಕ್ಕು ಹಿಡಿಯಂಗಿಲ್ಲ. ನಾ ಹಚ್ಚೀನಿ, ಬಿಡು."

ಅಷ್ಟೇ. ಹಾರನ್ನು ಸರಿಮಾಡಿದ. ಪೀಂ ಅನಿಸಿ ನೋಡಿದ. ಪಾನಾ ಎಲ್ಲಿ ಹೋಯಿತೆಂದು ಹುಡುಕಲು ಶುರು ಮಾಡಿದ.

ಈಶಪ್ಪನಿಗೆ ಸಿಟ್ಟು ಬಂತು. ಬೈದಿದ್ದರೆ ಬೈಯಬಹುದಿತ್ತು. ಕೂಗಾಡಿದ್ದರೆ ಇಲ್ಲ ಎಂದು ಆಣೆ ಹಾಕಬಹುದಿತ್ತು. ಆಣೆಯನ್ನು ಅವನು ಮನಸ್ಸಲ್ಲೇ ತಯಾರಿಟ್ಟುಕೊಂಡಿದ್ದ. ಇವನು ಗ್ರೀಸ್ ಹಚ್ಚಿ ಬಂದಿದ್ದಾನೆ! ಇನ್ನು ಕಾರಟಗಿಯಲ್ಲಿ ಬೋರ್ಡು ಹಾಕಿ ಕೂತರೂ ಅದು ತನ್ನದಲ್ಲ. ಹಂಪಣ್ಣ ಚಹಾದ ಕೆನೆ ಸರಿಸಿದ ಹಾಗೆ ಸರಿಸಿದ್ದು. ಸೆಲ್ಫಿನಲ್ಲಿ ಅವನು ಮೇಲು, ಕಿವಿಯಲ್ಲಿ ಅವನು ಮೇಲು, ತನ್ನ ತಾಯಿಯ ಬಾಯಲ್ಲಿ ಅವನು ಮೇಲು. ಒಳ್ಳೆಯತನದಲ್ಲೂ ಅವನೇ ಮೇಲಾದರೆ ತನಗೆ ಉಳಿಯುವುದೇನು?

ಸತ್ಯ ಹೇಳುವವರಿಗೆ ಧೈರ್ಯ ಬರುತ್ತದೆ ಅನ್ನುತ್ತಾರೆ. ಈಶಪ್ಪನಿಗೆ ಬಂದದ್ದು ಹೊಟ್ಟೆಕಿಚ್ಚು. ಅದೇ ಅವನನ್ನು ಎಬ್ಬಿಸಿ ಅಮೀನಸಾಬರ ಮುಂದೆ ನಿಲ್ಲಿಸಿತು.

"ಉಸ್ತಾದ್ರ, ಮಿಡಚಿದು ಸೆಲ್ಫ್ ಕೆಟ್ಟಿದ್ದಿಲ್ಲ. ಅರ್ಥಿಂಗ್ ಪಟ್ಟಿ ಕೆಳಗ ನಾ ಬಣ್ಣ ಬಳದಿದ್ದೆ. ಅದನ್ನ ಕೆರದು, ತಪ್ಪು ಹಂಪಣ್ಣನ ಮ್ಯಾಲ ಹಾಕಿದ್ನಿ."

ಚಹಾ ಕುಡಿದು ಬಾಗಿಲಿಗೆ ಬಂದಿದ್ದ ಉಮಾಪತಿ ಸಾಹುಕಾರರಿಗೂ ಅದು ಕೇಳಿಸಿತು. ಅವರು ಮಿಡಚಿಯ ಕಡೆ ತಿರುಗಿ, ಬಗ್ಗಲಾಗದ ಸೊಂಟವನ್ನು ಬಗ್ಗಿಸಿ, ಕೆಳಗೆ ಇಣುಕಿ ನೋಡಿದರು.

ಅಮೀನಸಾಬರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ಬಣ್ಣ ಬಳದಿದ್ದು ತಪ್ಪಲ್ಲೋ. ನಾನೂ ಒಮ್ಮಿ ಒಂದು ಲಾರಿಗೆ ಹಂಗಽ ಮಾಡಿದ್ನಿ, ಕೊಪ್ಪಳದಾಗ. ಕೆರದಿದ್ದೂ ತಪ್ಪಲ್ಲ." ಕನ್ನಡಕ ಹಾಕಿಕೊಂಡರು. "ಸುಳ್ಳು ಹೇಳಾಂವ ನನ್ನ ಕಣ್ಣ ಮುಂದ ಇರಬೇಕು. ಖರೇ ಹೇಳಾಂವನೂ ನನ್ನ ಕಣ್ಣ ಮುಂದ ಇದ್ರ ಛಲೋ. ನೀ ಎರಡೂ ಆದಿ. ಇಲ್ಲೇ ಇರು. ಹಂಪಣ್ಣ ಹೋಗ್ಲಿ ಕಾರಟಗಿಗಿ."

ಹಂಪಣ್ಣನಿಗೆ ಈ ಸುದ್ದಿ ತಿಳಿದಾಗ ಅವನು ಇನ್ನೂ ಪಾನಾ ಹುಡುಕುತ್ತಿದ್ದ.

ಬೋರ್ಡು ಬರೆಯುವ ಕೆಲಸ ಈಶಪ್ಪನಿಗೇ ಬಂತು, ಅಂಗಡಿಯಲ್ಲಿ ಮುತ್ತಿನಂಥ ಅಕ್ಷರ ಇದ್ದದ್ದು ಅವನೊಬ್ಬನಿಗೇ. ಉಳಿದಿದ್ದ ಗಿಳಿಹಸಿರನ್ನೇ ಹಿನ್ನೆಲೆಗೆ ಬಳಿದು, ಮೇಲೆ ಬಿಳಿಯಲ್ಲಿ "ಮೇಸ್ತ್ರಿ: ಹಂಪಣ್ಣ" ಎಂದು ಬರೆದ. ಸೊಟ್ಟ ಬರೆಯಬೇಕೆಂದು ಮನಸ್ಸಿತ್ತು, ಕೈ ಕೇಳಲಿಲ್ಲ. ಕೆಳಗೆ ಎರಡು ಗೆರೆ ಎಳೆಯುವಾಗ ಮಾತ್ರ ಸ್ವಲ್ಪ ತಡೆದ. ಆಮೇಲೆ ಅದನ್ನೂ ಎಳೆದ.

ಹೊರಡುವ ದಿನ ಹಂಪಣ್ಣ ಬೋರ್ಡನ್ನು ಹೆಗಲ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ಜೇಬು ತಡಕಾಡಿ, ಮುದುಡಿ ಒಣಗಿದ ನಾಲ್ಕು ಬನ್ನಿ ಎಲೆ ತೆಗೆದ. ಬೀಡಿಯ ಪುಡಿ, ಒಂದು ಸಣ್ಣ ಸ್ಕ್ರೂ ಅದರ ಜೊತೆಗೇ ಬಂದವು.

"ಅವತ್ತು ನೀ ಹಿತ್ತಲದಾಗಿದ್ದಿ. ತಗೋ. ಬಂಗಾರದಂಗ ಇರೋಣು."

"ಇಷ್ಟು ದಿನಾ ಅಂಗಿ ಒಗದಿಲ್ಲೇನೋ?" ಎಂದ ಈಶಪ್ಪ. ಎಲೆಗಳನ್ನು ಇಸಿದುಕೊಂಡ. ಸ್ಕ್ರೂ ಮಾತ್ರ ಮರಳಿ ಕೊಟ್ಟ.

ಮರುದಿನ ಬೆಳಿಗ್ಗೆ ಕಾಲುವೆಯ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಡ್ರೈವರ್ ಹೊಸ್ತಿಲಲ್ಲಿ ಕೂತವನನ್ನು ಕೇಳಿದ: "ಹಂಪಣ್ಣ ಇಲ್ಲೇನು?"

"ಕಾರಟಗಿಗಿ ಹೋಗ್ಯಾನ."

ಡ್ರೈವರ್ ಆಚೆ ಈಚೆ ನೋಡಿದ. ಕಾರಟಗಿ ದೂರ, ಬಿಸಿಲು ಏರುತ್ತಿತ್ತು. "ಹಂಗಾರ ನೀನಽ ನೋಡಪಾ. ಸೆಲ್ಫ್ ಒತ್ತಿದ್ರ ಟಕ್ ಅಂತೈತಿ, ಅಷ್ಟಽ."

ಈಶಪ್ಪ ಎದ್ದು, ಮೊದಲು ಆಕ್ಸೋ ಬ್ಲೇಡಿನ ತುಂಡು ತೆಗೆದುಕೊಂಡ. "ಹಬ್ಬಕ್ಕ ಬಣ್ಣ ಬಳದಿದ್ರೇನು?" ಎಂದು ಕೇಳಿದ.

"ಬಳದಿದ್ವಿ. ನಿನಗ ಹೆಂಗ ಗೊತ್ತಾತು?" ಎಂದು ಡ್ರೈವರ್ ಕಣ್ಣು ಅಗಲಿಸಿದ. "ಹಂಪಣ್ಣ ಕಲಿಸ್ಯಾನೇನು?"

ಈಶಪ್ಪ ಗಾಡಿಯ ಕೆಳಗೆ ಸರಿದ.